ಮರಳಿನಲ್ಲಿ ಬಿದ್ದ ಉಂಗುರ: ಡಿಟೆಕ್ಟರ್ ಹಿಡಿದವನನ್ನು ಎಲ್ಲರೂ ಕೇಳುವ ಪ್ರಶ್ನೆಗಳು

ಕಿವಿಗೆ ಹೆಡ್‌ಫೋನ್, ಬಲಗೈಯಲ್ಲಿ ತಟ್ಟೆ ಕಟ್ಟಿದ ಕೋಲು, ಅಂದರೆ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್, ಎಡಗೈಯಲ್ಲಿ ಮರಳು ಸೋಸುವ ತೂತಿನ ಸ್ಕೂಪ್. ಈ ವೇಷದಲ್ಲಿ ಮಿಷಿಗನ್ ಸರೋವರದ ದಂಡೆಗಿಳಿದರೆ ಯಾರೂ ಸುಮ್ಮನಿರಲು ಬಿಡುವುದಿಲ್ಲ. ಮಕ್ಕಳು ಹಿಂದೆ ಬರುತ್ತಾರೆ, ಹಿರಿಯರು ಕೈಬೀಸಿ ಕರೆಯುತ್ತಾರೆ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಂತೂ ಬಿಸಿಬೇಳೆ ಭಾತ್ ಆರುವವರೆಗೂ ಪ್ರಶ್ನೆ ಮುಗಿಯುವುದಿಲ್ಲ. ನಾನು ಕುಂದಾಪುರದ ಕಡೆಯವನು, ಈಗ ಮಿಷಿಗನ್ ರಾಜ್ಯದ ಪಡುವಣ ದಂಡೆಯ ಊರೊಂದರಲ್ಲಿದ್ದೇನೆ. ಈ ಹುಚ್ಚಿಗೆ ಒಂಬತ್ತು ಬೇಸಿಗೆ ತುಂಬಿತು. ಪತ್ರದಲ್ಲಿ, ಫೋನಿನಲ್ಲಿ, ದಂಡೆಯಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ಕೇಳುವವು

"ಏರ್‌ಪೋರ್ಟಿನಲ್ಲಿ ಮೈಮೇಲೆ ಆಡಿಸ್ತಾರಲ್ಲ, ಅದೇ ಮೆಷಿನ್ನಾ ಇದು?"

ಜಾತಿ ಒಂದೇ, ಮನೆ ಬೇರೆ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಅದಕ್ಕೆ ಕಾಯಿಲ್ ಅನ್ನುತ್ತೇವೆ. ಒಂದು ಸುರುಳಿಯಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ಅದರ ಕಾಂತಕ್ಷೇತ್ರ ಮರಳಿನಲ್ಲಿರುವ ಲೋಹಕ್ಕೆ ತಾಗಿದಾಗ ಲೋಹದ ಮೈಯಲ್ಲೇ ಕರೆಂಟು ಸುಳಿಯಂತೆ ಸುತ್ತುತ್ತದೆ. ಆ ಸುಳಿಯಿಂದ ಹುಟ್ಟುವ ಮರುಧ್ವನಿಯನ್ನು ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತದೆ. ಮರುಧ್ವನಿ ಎಷ್ಟು ಹಿಂದೆ ಬಿದ್ದು ಬಂತು ಎನ್ನುವುದರ ಮೇಲೆ ಕಬ್ಬಿಣವೋ, ಅಲ್ಯೂಮಿನಿಯಮ್ಮೋ, ಬೆಳ್ಳಿಯೋ ಎಂದು ಮೆಷಿನ್ ಅಂದಾಜು ಮಾಡಿ ಒಂದು ಸಂಖ್ಯೆ ತೋರಿಸುತ್ತದೆ. ಅದು ಬರೀ ಅಂದಾಜು ಎಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂಥದ್ದೇ ಒಂದು ಯಂತ್ರ ಕಟ್ಟಿ, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಗುಂಡು ಹುಡುಕಲು ಹೋಗಿದ್ದರು. ಹಾಸಿಗೆಯಲ್ಲಿ ಲೋಹದ ಸ್ಪ್ರಿಂಗು, ಮೇಲೆ ಡಾಕ್ಟರರ ಹಟ ಬೇರೆ: ಗುಂಡು ಬಲಕ್ಕೇ ಇದೆ, ಬಲಗಡೆ ಮಾತ್ರ ನೋಡಿ ಅಂದರು. ಗುಂಡು ಸಿಗಲಿಲ್ಲ. ಸಿಕ್ಕದಿದ್ದದ್ದಕ್ಕೆ ಮೆಷಿನ್ ಬೈಯುವವರಿಗೆ ನಾನು ಈ ಕಥೆ ಹೇಳುತ್ತೇನೆ.

"ಖರೇ ಹೇಳ್ರಿ, ಬಂಗಾರ ಸಿಗತೈತೇನ್ರಿ?"

ಸಿಗತೈತ್ರಿ, ದಿನಾ ಅಲ್ಲ. ಒಂಬತ್ತು ಬೇಸಿಗೆಯಲ್ಲಿ ನನಗೆ ಸಿಕ್ಕ ಚಿನ್ನದ ಉಂಗುರ 19. ಕಳೆದ ಆಗಸ್ಟಿನ ಒಂದು ಸೋಮವಾರ ಬೆಳಿಗ್ಗೆ ನಾಲ್ಕು ತಾಸು ಹುಡುಕಿ ಮನೆಗೆ ಬಂದು ಚೀಲ ಕವುಚಿದಾಗ ಬಿದ್ದದ್ದು ಇಷ್ಟು: ಡಬ್ಬಿ ತೆರೆಯುವ ಅಲ್ಯೂಮಿನಿಯಮ್ ಕಿವಿ 22, ಬಾಟಲಿ ಮುಚ್ಚಳ ಒಂಬತ್ತು, ಗಾಳದ ಸೀಸದ ಗುಂಡು ಆರು, ಮಕ್ಕಳ ಆಟದ ಕಾರು ಒಂದು, ಕೂದಲಿನ ಪಿನ್ನು, ಮೂರು ಡಾಲರಿಗೆ ಸ್ವಲ್ಪ ಮೇಲೆ ಚಿಲ್ಲರೆ. ಪೆಟ್ರೋಲಿಗೇ ಅದಕ್ಕಿಂತ ಹೆಚ್ಚು ಹೋಗಿತ್ತು. ದುಡಿಮೆ ಅಂದುಕೊಂಡು ಬರುವವರು ಎರಡನೇ ವಾರಕ್ಕೆ ಮೆಷಿನ್ ಮಾರುತ್ತಾರೆ. ನನ್ನ ಮೊದಲ ಮೆಷಿನ್ ಅಂಥವರೊಬ್ಬರಿಂದಲೇ ಅರ್ಧ ಬೆಲೆಗೆ ಬಂದದ್ದು.

"ನೀರಿನಲ್ಲಿ ಮುಳುಗಿಸ್ತೀರಲ್ಲ, ಶಾಕ್ ಹೊಡೆಯಲ್ವಾ?"

ಇಲ್ಲ, ಒಳಗಿರುವುದು ಸಣ್ಣ ಬ್ಯಾಟರಿ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಭಾಗ ಮುಳುಗಬಹುದು? ಅಗ್ಗದ ಮೆಷಿನ್‌ಗಳಲ್ಲಿ ಕಾಯಿಲ್ ಮಾತ್ರ ನೀರು ತಡೆಯುತ್ತದೆ, ಮೇಲಿನ ಪೆಟ್ಟಿಗೆಗೆ ಒಂದು ಅಲೆ ತಾಗಿದರೂ ಕಥೆ ಮುಗಿಯಿತು. ಗ್ಯಾರೆಟ್ ಎಟಿ ಪ್ರೊ, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಪೂರ್ತಿ ಮುಳುಗಿ 3 ಮೀಟರ್ ತನಕ ಹೋಗುತ್ತವೆ. ನಡೆದು ಹುಡುಕುವವರಿಗೆ ಅಷ್ಟು ಧಾರಾಳ.

ಬ್ಲೂಟೂತ್ ಹೆಡ್‌ಫೋನ್ ನಂಬಿ ಇಳಿಯಬೇಡಿ. ಪೆಟ್ಟಿಗೆ ನೀರೊಳಗೆ ಹೋದ ಕೂಡಲೇ ಸಂಪರ್ಕ ಕಡಿಯುತ್ತದೆ, ತಂತಿಯ ವಾಟರ್‌ಪ್ರೂಫ್ ಹೆಡ್‌ಫೋನೇ ಬೇಕು. ಬ್ಯಾಟರಿ ಮುಚ್ಚಳದ ರಬ್ಬರ್ ಬಳೆಯಲ್ಲಿ ಒಂದು ಕಾಳು ಮರಳು ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಅದನ್ನು ನಾನು ಕಲಿತದ್ದು ಒಂದು ಮೆಷಿನ್ ಕಳೆದುಕೊಂಡು.

"ಶುರು ಮಾಡೋಕೆ ಎಷ್ಟು ದುಡ್ಡು ಹಾಕ್ಬೇಕು ಸಾರ್?"

ಮುಳುಗಿಸಬಹುದಾದ ಹೊಸ ಮೆಷಿನ್ ಕೆಲವು ನೂರು ಡಾಲರಿನಿಂದ ಶುರುವಾಗುತ್ತದೆ. ನೋಕ್ತಾ ಸಿಂಪ್ಲೆಕ್ಸ್ ಆ ಸಾಲಿನದು, ಸಿಹಿನೀರಿಗೆ ಸಾಕು. ಜನ ಎಡವುವುದು ಸ್ಕೂಪಿನಲ್ಲಿ. ಮೆಷಿನ್‌ಗೆ ಸಾವಿರ ಡಾಲರ್ ಸುರಿದು, ಪ್ಲಾಸ್ಟಿಕ್ ಸ್ಕೂಪ್ ಹಿಡಿದು ನೀರಿಗಿಳಿಯುತ್ತಾರೆ. ಒದ್ದೆ ಮರಳಿನ ಭಾರಕ್ಕೆ ಅದು ಮೊದಲ ದಿನವೇ ಮುರಿಯುತ್ತದೆ. ಉದ್ದ ಹಿಡಿಕೆಯ, ಕಾಲಿಟ್ಟು ಒತ್ತಬಹುದಾದ ಸ್ಟೇನ್‌ಲೆಸ್ ಸ್ಟೀಲ್ ಸ್ಕೂಪ್ ಕೊಳ್ಳಿ, ಮೆಷಿನ್ ಒಂದು ಮೆಟ್ಟಿಲು ಕೆಳಗಿನದಾದರೂ ಚಿಂತೆಯಿಲ್ಲ.

"ಎಲ್ಲಿ ಬೇಕಾದ್ರೂ ಅಗೀಬಹುದಾ? ಪೊಲೀಸ್ ಹಿಡಿಯಲ್ವಾ?"

ಎಲ್ಲಿ ಬೇಕಾದರೂ ಅಗೆಯುವ ಹಾಗಿಲ್ಲ. ಸ್ಲೀಪಿಂಗ್ ಬೇರ್ ಡ್ಯೂನ್ಸ್, ಪಿಕ್ಚರ್ಡ್ ರಾಕ್ಸ್, ದಕ್ಷಿಣದ ಇಂಡಿಯಾನಾ ಡ್ಯೂನ್ಸ್, ಇವೆಲ್ಲ ಒಕ್ಕೂಟ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿವೆ. ಅಲ್ಲಿ ಡಿಟೆಕ್ಟರ್ ಬಳಸುವುದಿರಲಿ, ಜೋಡಿಸಿ ಕೈಯಲ್ಲಿ ಹಿಡಿದುಕೊಂಡಿರುವುದೇ ಅಪರಾಧ. ದಾರಿಯಲ್ಲಿ ಹಾದುಹೋಗುವುದಾದರೆ ಬಿಚ್ಚಿ ಕಟ್ಟಿಟ್ಟಿರಬೇಕು. ಮಿಷಿಗನ್ ರಾಜ್ಯದ ಪಾರ್ಕುಗಳಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಹುಡುಕಬಹುದು, ಸಿಕ್ಕಿದ್ದನ್ನು ಸಿಬ್ಬಂದಿಗೆ ತೋರಿಸಬೇಕು. ಪಕ್ಕದ ವಿಸ್ಕಾನ್ಸಿನ್‌ನ ಪಾರ್ಕುಗಳಲ್ಲಿ ನೀವೇ ಕಳೆದುಕೊಂಡ ವಸ್ತು ಹುಡುಕಲು ಅನುಮತಿ ಪಡೆದರೆ ಮಾತ್ರ. ಊರಿನ ಬೀಚುಗಳಿಗೆ ಆಯಾ ಊರಿನದೇ ನಿಯಮ, ಶಿಕಾಗೋದಲ್ಲಿ ಪಾರ್ಕ್ ಡಿಸ್ಟ್ರಿಕ್ಟಿನ ಪರ್ಮಿಟ್ ಬೇಕು. ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಖಾಸಗಿ ಮನೆಗಳ ಮುಂದಿನ ದಂಡೆಯ ಗೊಂದಲವೂ ಇದೆ. ಮಹಾಸರೋವರಗಳ (ಮಿಷಿಗನ್ ಸೇರಿದ ಐದು ಗ್ರೇಟ್ ಲೇಕ್ಸ್) ಅಂಚಿನಲ್ಲಿ ನೀರಿನ ಸಾಮಾನ್ಯ ಮೇಲ್ಮಟ್ಟದ ಗುರುತಿನವರೆಗೆ ಸಾರ್ವಜನಿಕರು ನಡೆದಾಡಬಹುದು ಎಂದು ಮಿಷಿಗನ್ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಅದು ನಡೆಯುವ ಹಕ್ಕಿನ ಮಾತು. ಗುಂಡಿ ತೋಡುವ ಮುಂಚೆ ಮನೆಯವರ ಬಾಗಿಲು ತಟ್ಟುವುದು ನನ್ನ ಪದ್ಧತಿ. ಇನ್ನು ಸರೋವರದ ತಳದಲ್ಲಿರುವ ಹಳೆಯ ಹಡಗಿನ ಚೂರು ಎಷ್ಟೇ ಸಣ್ಣದಿರಲಿ, ಮುಟ್ಟಬೇಡಿ. ರಾಜ್ಯದ ಕಾನೂನೂ, ಒಕ್ಕೂಟದ 1987ರ ಹಡಗವಶೇಷ ಕಾಯ್ದೆಯೂ ಅದಕ್ಕೆ ಕಾವಲಿವೆ.

## ದಂಡೆ ಓದುವುದು

"ಇಷ್ಟು ದೊಡ್ಡ ಬೀಚಲ್ಲಿ ಎಲ್ಲಿಂದ ಶುರು ಮಾಡ್ತೀರಿ?"

ಉಂಗುರ ಯಾಕೆ ಬೀಳುತ್ತದೆ ಎಂದು ಮೊದಲು ಯೋಚಿಸಿ. ತಣ್ಣೀರಿಗೆ ಇಳಿದರೆ ಬೆರಳು ಸೊರಗುತ್ತದೆ. ಮೇಲೆ ಸನ್‌ಸ್ಕ್ರೀನಿನ ಜಿಡ್ಡು. ಅಷ್ಟಾದ ಮೇಲೆ ಚೆಂಡು ಎಸೆದರೆ, ಮಗುವನ್ನು ಎತ್ತಿ ನೀರಿಗೆ ಹಾರಿಸಿದರೆ ಉಂಗುರ ಬೆರಳಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಸೊಂಟದಿಂದ ಎದೆಮಟ್ಟದ ನೀರು ನನ್ನ ಮೊದಲ ಆಯ್ಕೆ. ದಂಡೆಯ ಮೇಲಾದರೆ ಟವೆಲ್ ಹಾಸುವ ಸಾಲು ಮತ್ತು ವಾಲಿಬಾಲ್ ನೆಟ್ಟಿನ ಕೆಳಗೆ.

ಬಿದ್ದದ್ದು ಬಿದ್ದಲ್ಲೇ ಇರುವುದಿಲ್ಲ. ಇದು ತೂಕದ ಆಟ. ಮರಳಿನ ಸಾಂದ್ರತೆ ನೀರಿನ 2.65 ಪಟ್ಟು, ಅಲ್ಯೂಮಿನಿಯಮ್ಮಿನದು 2.7. ಎರಡೂ ಒಂದೇ ತೂಕದವಾದ್ದರಿಂದ ಅಲೆ ಮರಳನ್ನು ಎಲ್ಲಿಗೆ ಒಯ್ದರೆ ಡಬ್ಬಿಯ ಕಿವಿಯೂ ಅಲ್ಲಿಗೆ ಹೋಗುತ್ತದೆ. ಸೀಸ 11.3, 14 ಕ್ಯಾರೆಟ್ ಚಿನ್ನ ಸುಮಾರು 13, ಅಪ್ಪಟ ಚಿನ್ನ 19.3. ಅಲೆ ಮರಳನ್ನು ಕದಡಿದಾಗಲೆಲ್ಲ ಇವು ಒಂದಿಷ್ಟು ಕೆಳಗಿಳಿಯುತ್ತಾ, ಜೇಡಿಯೋ ಬೆಣಚುಕಲ್ಲೋ ಅಡ್ಡ ಬಂದಲ್ಲಿ ನಿಲ್ಲುತ್ತವೆ. ದಂಡೆಗೂ ಮೊದಲ ಮರಳುದಿಬ್ಬಕ್ಕೂ ನಡುವೆ ನೀರೊಳಗೆ ಒಂದು ತಗ್ಗು ಓಡುತ್ತದೆ. ಕಾಲಿಟ್ಟರೆ ಮೆತ್ತನೆಯ ಮರಳು ಮುಗಿದು ಕಲ್ಲು ತಾಗುವುದು ಗೊತ್ತಾಗುತ್ತದೆ. ಭಾರದ ವಸ್ತುಗಳಿಗೆ ಅದೇ ಸಂತೆ.

ಏನು ಸಿಗುತ್ತಿದೆ ಎಂಬುದೇ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಬರೀ ಅಲ್ಯೂಮಿನಿಯಮ್ ಬರುತ್ತಿದ್ದರೆ ಅದು ಹಗುರದ ಜಾಗ, ನಡೆಯುತ್ತಾ ಇರಿ. ಎರಡು ಸೀಸದ ಗುಂಡು, ಒಂದು ಕಪ್ಪಾದ ನಾಣ್ಯ ಹತ್ತಿರ ಹತ್ತಿರ ಸಿಕ್ಕವೋ, ಅಲ್ಲೇ ನಿಂತು ಇಂಚಿಂಚು ಹುಡುಕಿ. ಸೀಸವನ್ನು ಬೈಯುತ್ತಾ ಎಸೆಯುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಚಿನ್ನದ ವಿಳಾಸ ಗೊತ್ತಿರುವುದು ಅದಕ್ಕೇ.

"ಯಾವ ಟೈಮಲ್ಲಿ ಹೋಗ್ಬೇಕು?"

ಜನ ಬಂದು ಹೋದ ಮೇಲೆ, ಹೊಸ ಜನ ಬರುವ ಮುಂಚೆ. ಜುಲೈ 4ರ ರಜೆಯ ಮಾರನೆಯ ಬೆಳಕು ಹರಿಯುವ ಹೊತ್ತು ನಮ್ಮ ದೀಪಾವಳಿ. ಇನ್ನೊಂದು ಹೊತ್ತು ಬಿರುಗಾಳಿಯ ಮರುದಿನ. ಪಡುವಣ ಗಾಳಿ ಎರಡು ದಿನ ಬೀಸಿದರೆ ಅಲೆಗಳು ದಂಡೆಯನ್ನು ಕೊರೆದು ಮೊಣಕಾಲೆತ್ತರದ ಮೆಟ್ಟಿಲು ಮಾಡಿಬಿಡುತ್ತವೆ. ಹತ್ತು ವರ್ಷ ಹೂತಿದ್ದ ಪದರ ಬಯಲಾಗುತ್ತದೆ. ನವೆಂಬರಿನ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಗಾಳಿ ನಿಂತ ಮೇಲೆ ಹೋಗಿ. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ 222 ಮೀಟರ್ ಉದ್ದದ ಹಡಗನ್ನು, ಅದರಲ್ಲಿದ್ದ 29 ಮಂದಿಯ ಸಮೇತ, ಸುಪೀರಿಯರ್ ಸರೋವರ ನುಂಗಿದ್ದು ಇಂಥದ್ದೇ ಗಾಳಿಯಲ್ಲಿ.

"ಕೆರೆಗೆ ಉಬ್ಬರ ಇಳಿತ ಇರೋದಿಲ್ಲ, ಹಾಗಾದ್ರೆ ನೀರು ಹಿಂದೆ ಸರಿಯೋದೇ ಇಲ್ವಾ?"

ನಮ್ಮ ಕರಾವಳಿಯ ಹಾಗೆ ದಿನಕ್ಕೆರಡು ಸಲ ಸರಿಯುವುದಿಲ್ಲ. ಇಲ್ಲಿನ ಉಬ್ಬರ 5 ಸೆಂಟಿಮೀಟರಿಗಿಂತ ಕಡಿಮೆ. ಆದರೆ ವರ್ಷಗಳ ಲೆಕ್ಕದಲ್ಲಿ ನೀರು ಏರಿಳಿಯುತ್ತದೆ. ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳ ನೀರು 2013ರ ಜನವರಿಯಲ್ಲಿ ದಾಖಲೆಯ ತಳ ಮುಟ್ಟಿತ್ತು. 2020ರ ಬೇಸಿಗೆಗೆ ಅದಕ್ಕಿಂತ ಆರಡಿಗೂ ಮೇಲೇರಿ ದಂಡೆಯ ಮನೆಗಳನ್ನೇ ಎಳೆದುಕೊಂಡಿತು. ಅಂದರೆ ನೀರು ಕಡಿಮೆಯಿದ್ದ ವರ್ಷ ಜನ ಟವೆಲ್ ಹಾಸಿದ್ದ ಜಾಗ ಮೇಲೇರಿದ ವರ್ಷ ಎದೆಮಟ್ಟದ ನೀರಿನಡಿ ಇರುತ್ತದೆ. ಹಳೆಯ ಫೋಟೊ, ಹಳೆಯ ಉಪಗ್ರಹ ಚಿತ್ರ ನೋಡಿ ಆ ಸಾಲು ಹಿಡಿಯುವುದು ಒಳ್ಳೆಯ ಚಳಿಗಾಲದ ಕೆಲಸ.

ಗಾಳಿಯ ಒತ್ತಡಕ್ಕೆ ಸರೋವರದ ನೀರು ತಟ್ಟೆಯಲ್ಲಿನ ಸಾರಿನಂತೆ ಒಂದು ಬದಿಗೆ ವಾಲಿ, ಮತ್ತೆ ಧಡಕ್ಕನೆ ಹಿಂದಿರುಗುವುದೂ ಉಂಟು. 1954ರ ಜೂನ್ 26ರಂದು ಶಿಕಾಗೋ ತೀರದಲ್ಲಿ ಮೀನು ಹಿಡಿಯುತ್ತಿದ್ದ ಹಲವರು ಇದಕ್ಕೇ ಬಲಿಯಾದರು. ನೀರು ಒಮ್ಮೆಗೇ ಹಿಂದೆ ಸರಿದರೆ ನಿಧಿ ಬಯಲಾಯಿತೆಂದು ಓಡಬೇಡಿ, ದಂಡೆ ಹತ್ತಿ.

## ಮೆಷಿನ್ನಿನ ಮಾತು

"ನೀರೊಳಗೆ ಕಾಣಲ್ಲ, ಹೇಗೆ ಎತ್ತೋದು? ನಂಗೆ ಸದ್ದು ಕೇಳುತ್ತೆ, ವಸ್ತು ಸಿಗಲ್ಲ."

ಎಲ್ಲರ ಮೊದಲ ತಿಂಗಳ ಗೋಳು ಇದು. ಸದ್ದು ಬಂದ ಕಡೆ ಕಾಯಿಲನ್ನು ಅಡ್ಡಕ್ಕೂ ಉದ್ದಕ್ಕೂ ಆಡಿಸಿ, ಎರಡೂ ಗೆರೆ ಕೂಡುವ ಬಿಂದುವಿನ ಮೇಲೆ ನಿಲ್ಲಿಸಿ. ಈಗ ನಿಮ್ಮ ಪಾದವನ್ನು ಕಾಯಿಲಿನ ಹಿಂದಿನ ಅಂಚಿಗೆ ತಾಗಿಸಿ ಊರಿ. ಕಾಯಿಲ್ ತೆಗೆದ ಮೇಲೆ ನಿಮಗಿರುವ ಗುರುತು ಆ ಕಾಲೊಂದೇ, ಕದಲಿಸಿದರೆ ಜಾಗ ಹೋಯಿತು. ಹೆಬ್ಬೆರಳಿನಿಂದ ಒಂದು ಗೇಣು ಮುಂದೆ ಸ್ಕೂಪಿನ ಬಾಯಿ ಇಟ್ಟು, ಇನ್ನೊಂದು ಕಾಲಿಂದ ಒತ್ತಿ, ಹಿಡಿಕೆಯನ್ನು ಮೈಕಡೆ ಬಗ್ಗಿಸಿ ಎತ್ತಿ. ನೀರೊಳಗೇ ಅಲ್ಲಾಡಿಸಿದರೆ ಮರಳು ಸೋರಿ ಕಲ್ಲು, ಚಿಪ್ಪು, ಲೋಹ ಉಳಿಯುತ್ತವೆ. ಆಮೇಲೆ ಅದೇ ಗುಂಡಿಯ ಮೇಲೆ ಮತ್ತೆ ಕಾಯಿಲ್ ಆಡಿಸಿ. ಸದ್ದು ನಿಂತಿದ್ದರೆ ವಸ್ತು ಸ್ಕೂಪಿನಲ್ಲಿದೆ. ಇನ್ನೂ ಕೂಗುತ್ತಿದ್ದರೆ ಗುಂಡಿಯಲ್ಲಿದೆ, ಸ್ಕೂಪನ್ನು ತಡಕಾಡುತ್ತಾ ಹೊತ್ತು ಕಳೆಯಬೇಡಿ.

ನೀರಿನ ಆಳಕ್ಕೂ ಮೆಷಿನ್ನಿನ ಶಕ್ತಿಗೂ ಸಂಬಂಧವಿಲ್ಲ. ಕಾಯಿಲಿನಿಂದ ವಸ್ತುವಿಗೆ ಎಷ್ಟು ದೂರ ಎಂಬುದಷ್ಟೇ ಲೆಕ್ಕ. 28 ಸೆಂಟಿಮೀಟರಿನ ಕಾಯಿಲ್ ಒಂದು ನಾಣ್ಯವನ್ನು ಹೆಚ್ಚೂಕಡಿಮೆ ತನ್ನ ಅಗಲದಷ್ಟೇ ಆಳದವರೆಗೆ ಹಿಡಿಯುತ್ತದೆ. ನೆಲಕ್ಕೆ ತಾಗಿದಂತೆ, ಗದ್ದೆಗೆ ಹಲಗೆ ಎಳೆದ ಹಾಗೆ ಸಮವಾಗಿ ಆಡಿಸಿ. ಗುಡಿಸುವವರ ಹಾಗೆ ಕೊನೆಯಲ್ಲಿ ಎತ್ತಿದರೆ ಆ ಎತ್ತಿದಷ್ಟು ಆಳ ನಷ್ಟ.

"ಫ್ಲೋರಿಡಾಗೆ ತಗೊಂಡು ಹೋಗಿದ್ದೆ, ಒದ್ದೆ ಮರಳಿಗೆ ಇಟ್ಟ ಕೂಡ್ಲೇ ಕಿರುಚೋಕೆ ಶುರು. ಕೆಟ್ಟೋಯ್ತಾ?"

ಕೆಟ್ಟಿಲ್ಲ, ಉಪ್ಪಿಗೆ ಹೆದರಿದೆ. ಸಮುದ್ರದ ನೀರು ಇಲ್ಲಿನ ಸಿಹಿನೀರಿಗಿಂತ ನೂರಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಒಂದೇ ಫ್ರೀಕ್ವೆನ್ಸಿಯ (ಕರೆಂಟು ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬ ಲೆಕ್ಕ) ಮೆಷಿನ್‌ಗೆ ಅಲ್ಲಿ ದಂಡೆಗೆ ದಂಡೆಯೇ ಒಂದು ದೊಡ್ಡ ಲೋಹದ ತಗಡಿನಂತೆ ಕೇಳಿಸುತ್ತದೆ. ದಾರಿ ಎರಡು. ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸಿ, ಹೋಲಿಸಿ, ಉಪ್ಪಿನ ಪಾಲು ಕಳೆಯುವ ಮೆಷಿನ್ (ಈಕ್ವಿನಾಕ್ಸ್, ಎಕ್ಸ್‌ಪಿ ಡಿಯಸ್ 2 ಈ ಜಾತಿಯವು). ಇಲ್ಲವೇ ಪಲ್ಸ್ ಇಂಡಕ್ಷನ್. ಅದು ಝಟ್ಟನೆ ಒಂದು ಕಾಂತದ ಹೊಡೆತ ಕೊಟ್ಟು ಸುಮ್ಮನಾಗಿ, ಲೋಹದಲ್ಲಿ ಆ ಹೊಡೆತ ಆರುವುದನ್ನು ಆಲಿಸುತ್ತದೆ. ಉಪ್ಪು, ಕಬ್ಬಿಣದ ಅಂಶವಿರುವ ಕರಿಮರಳು ಎರಡಕ್ಕೂ ಜಗ್ಗುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಹೇಳುವುದಿಲ್ಲ. ಮೊಳೆಗೂ ಅಗೆಯಬೇಕು, ಉಂಗುರಕ್ಕೂ ಅಗೆಯಬೇಕು. ಸಿಹಿನೀರಿನವರು ಅದಕ್ಕೆ ದುಡ್ಡು ಹಾಕುವುದು ನನ್ನ ಮಟ್ಟಿಗೆ ದಂಡ.

"ಯಾವ ನಂಬರ್ ಬಂದ್ರೆ ಚಿನ್ನ? ಅದೊಂದು ಹೇಳ್ಬಿಡಿ ಅಣ್ಣಾ."

ಹೇಳಲು ಬರುವುದಿದ್ದರೆ ನಾನು ಆಫೀಸಿಗೆ ಹೋಗುತ್ತಿರಲಿಲ್ಲ. ನನ್ನ ಈಕ್ವಿನಾಕ್ಸಿನಲ್ಲಿ ಐದು ಸೆಂಟಿನ ನಿಕಲ್ ನಾಣ್ಯಕ್ಕೆ 12–13 ಬರುತ್ತದೆ, 25 ಸೆಂಟಿನ ಕ್ವಾರ್ಟರಿಗೆ 30ರ ಆಸುಪಾಸು. ಇಲ್ಲಿನವರು ತೊಡುವ 10, 14 ಕ್ಯಾರೆಟ್ಟಿನ ಉಂಗುರಗಳು ಬಹುಪಾಲು ಒಂದಂಕಿಯಿಂದ 20ರೊಳಗೆ ಎಲ್ಲಿ ಬೇಕಾದರೂ ಕೂರುತ್ತವೆ. ಡಬ್ಬಿಯ ಕಿವಿಯೂ ಅಲ್ಲೇ, ನಿಕಲ್ ಪಕ್ಕದಲ್ಲೇ ಕೂತಿರುತ್ತದೆ. ಕಿವಿಯನ್ನು ಬಿಟ್ಟು ಉಂಗುರ ತೆಗೆಯುತ್ತೇನೆ ಎಂದವರು ಉಂಗುರವನ್ನೂ ಬಿಟ್ಟು ಹೋಗಿರುತ್ತಾರೆ. ಹಾಗೆ ಬಿಟ್ಟುಹೋದವೇ ನನ್ನ 19ರಲ್ಲಿ ಅರ್ಧ.

ದುಂಡಗಿನ ವಸ್ತುವಿನ ಸದ್ದು ಮೃದು, ಯಾವ ಕಡೆಯಿಂದ ಆಡಿಸಿದರೂ ಸಂಖ್ಯೆ ಕದಲುವುದಿಲ್ಲ. ಮಡಚಿದ ಡಬ್ಬಿ ಕಿವಿಯ ಸದ್ದು ಸ್ವಲ್ಪ ಒಡೆದಿರುತ್ತದೆ. ಇದಕ್ಕೆ ನಿಮ್ಮ ಕಿವಿ ಪಳಗಲು ಒಂದೆರಡು ಬೇಸಿಗೆ ಬೇಕು. ಇನ್ನೊಂದು ಮಾತು: 1964ರವರೆಗಿನ ಡೈಮ್ (ಹತ್ತು ಸೆಂಟಿನ ನಾಣ್ಯ), ಕ್ವಾರ್ಟರುಗಳಲ್ಲಿ ಶೇ. 90 ಬೆಳ್ಳಿ. ಕಪ್ಪಾಗಿದೆಯೆಂದು ಚಿಲ್ಲರೆ ಡಬ್ಬಿಗೆ ಹಾಕಬೇಡಿ.

"ನಮ್ಮವರ ಒಡವೆ ಹುಡುಕೋದು ಬೇರೆ ಥರಾನಾ? ತಾಳಿ ಸರ ಕಳೆದುಹೋಗಿದೆ, ಬರ್ತೀರಾ?"

ಬೇರೆಯೇ. ಇದನ್ನು ಇಲ್ಲಿನ ಬಿಳಿಯ ಗೆಳೆಯರು ಯಾರೂ ನನಗೆ ಕಲಿಸಲಿಲ್ಲ, ಪಿಕ್ನಿಕ್ಕುಗಳೇ ಕಲಿಸಿದವು. ನಮ್ಮದು 22 ಕ್ಯಾರೆಟ್, ಒಳಗೆ 916ರ ಮುದ್ರೆ. ಬೆರಕೆ ಕಡಿಮೆಯಾದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಅದೇ ಗಾತ್ರದ ಇಲ್ಲಿನ 585ರ (ಅಂದರೆ 14 ಕ್ಯಾರೆಟ್ಟಿನ) ಉಂಗುರಕ್ಕಿಂತ ನಮ್ಮದು ಮೇಲಿನ ಸಂಖ್ಯೆಗೆ ಕೂಗುತ್ತದೆ. ಬಳೆಯಂತೂ ಮುಚ್ಚಿದ ದೊಡ್ಡ ವೃತ್ತ, ಅದರಲ್ಲಿ ಕರೆಂಟು ತಡೆಯಿಲ್ಲದೆ ಸುತ್ತುವುದರಿಂದ ಕ್ವಾರ್ಟರಿನ ಹಾಗೆ ಗಟ್ಟಿಯಾಗಿ ಕೂಗುತ್ತದೆ. ಬಳೆ ಕಳೆದವರಿಗೆ ನಾನು ಧೈರ್ಯ ಹೇಳುತ್ತೇನೆ.

ಸರ ಕಳೆದವರಿಗೆ ಹೇಳುವುದಿಲ್ಲ. ಸರವೆಂದರೆ ನಮ್ಮ ಕಣ್ಣಿಗೆ ಎರಡೆಳೆ, 30 ಗ್ರಾಮ್. ಮೆಷಿನ್ನಿನ ಕಿವಿಗೆ ಅದು ನೂರಾರು ಪುಟ್ಟ ಕೊಂಡಿಗಳು. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಕರೆಂಟು ಸರಿಯಾಗಿ ದಾಟದು, ಆದ್ದರಿಂದ ಒಂದೊಂದೂ ತನ್ನ ಪಾಡಿಗೆ ಇರುವೆಯ ಧ್ವನಿಯಲ್ಲಿ ಕೂಗುತ್ತದೆ. ಕರಿಮಣಿಯದು ಇನ್ನೂ ಕಷ್ಟ: ಮಣಿ ಗಾಜು, ನಡುವೆ ಕೂದಲೆಳೆಯಂಥ ಚಿನ್ನದ ತಂತಿ. ಕೂಗುವ ತಾಕತ್ತಿರುವುದು ಕೆಳಗೆ ತೂಗುವ ತಾಳಿಯ ಬಟ್ಟಲಿಗೆ ಮಾತ್ರ. ಅದಕ್ಕೇ ನಾನು ಸರ ಹುಡುಕುವುದಿಲ್ಲ, ಬಟ್ಟಲು ಹುಡುಕುತ್ತೇನೆ.

ಮೂರು ವರ್ಷದ ಹಿಂದೆ, ಒಳನಾಡಿನ ಸಣ್ಣ ಸರೋವರವೊಂದರಲ್ಲಿ, ಪಿಕ್ನಿಕ್ಕಿಗೆ ಬಂದ ಅಕ್ಕ ಒಬ್ಬರ ಮಾಂಗಲ್ಯ ಸರ ಹೋಯಿತು. ಎಲ್ಲಿ ಅಂದರೆ ಅವರು ಒಂದು ಕಡೆ ಕೈ ತೋರಿಸಿದರು, ಯಜಮಾನರು ಇನ್ನೊಂದು ಕಡೆ. ಇಂಥ ಹೊತ್ತಲ್ಲಿ ನಾನು ಎಲ್ಲರ ಫೋನು ಕೇಳುತ್ತೇನೆ. 3:40ರ ಫೋಟೊದಲ್ಲಿ ಕತ್ತಿನಲ್ಲಿ ಸರ ಇತ್ತು. 4:05ರದರಲ್ಲಿ ಇರಲಿಲ್ಲ. ಎರಡರಲ್ಲೂ ಹಿಂದೆ ಅದೇ ಕೆಂಪು ದೋಣಿ ಕಂಡಿತು. ಅಷ್ಟರಲ್ಲೇ ಹುಡುಕುವ ಜಾಗ ಕಾಲುಭಾಗಕ್ಕೆ ಇಳಿಯಿತು. ಟೆಂಟಿನ ಗೂಟ ಹೊಡೆದು, ಬಟ್ಟೆ ಒಣಗಿಸುವ ಹಗ್ಗ ಎಳೆದು, ಒಂದು ಮೀಟರ್ ಅಗಲದ ಸಾಲು ಮಾಡಿದೆವು. ಒಂದು ಸಾಲು ಮುಗಿದ ಮೇಲೆ ಹಗ್ಗ ಸರಿಸುವುದು, ಎಲ್ಲ ಮುಗಿದ ಮೇಲೆ ಅಡ್ಡಕ್ಕೆ ಮತ್ತೆ ಎಳೆಯುವುದು. ಕತ್ತಲಾಗುವಷ್ಟರಲ್ಲಿ ಸಿಕ್ಕಿದ್ದು ಯಾರದೋ ಬೆಳ್ಳಿಯ ಕಾಲುಂಗುರ ಒಂದು, ಗಾಳದ ಕೊಕ್ಕೆ ಏಳು.

ಕಳೆದುಕೊಂಡವರಿಗೆ ನನ್ನ ವಿನಂತಿ: ದಯವಿಟ್ಟು ಹತ್ತು ಜನ ನೀರಿಗಿಳಿದು ಕಾಲಲ್ಲಿ ತಡಕಬೇಡಿ. ತುಳಿದಷ್ಟೂ ಅದು ಕೆಳಗಿಳಿಯುತ್ತದೆ. ಒಬ್ಬರು ನಿಂತಲ್ಲೇ ನಿಲ್ಲಿ, ಇನ್ನೊಬ್ಬರು ದಂಡೆಯಿಂದ ಫೋಟೊ ತೆಗೆಯಿರಿ, ಆಮೇಲೆ ಕರೆಯಿರಿ. ಹತ್ತಿರ ಪರಿಚಯದವರಿಲ್ಲದಿದ್ದರೆ ದಿ ರಿಂಗ್ ಫೈಂಡರ್ಸ್ ಎಂಬ ಇಂಟರ್ನೆಟ್ ಪಟ್ಟಿಯಲ್ಲಿ ಊರೂರಿನ ಹುಡುಕುವವರಿದ್ದಾರೆ.

"ಒಳನಾಡಿನ ಸಣ್ಣ ಕೆರೆ ಸುಲಭ ಅಲ್ವಾ, ಅಲೆನೇ ಇಲ್ಲ?"

ಅಲೆಯಿಲ್ಲದ್ದೇ ತೊಂದರೆ. ತಳದಲ್ಲಿ ಕೊಳೆತೆಲೆಯ ಕೆಸರು, ಬಿದ್ದದ್ದು ಅದರೊಳಗೆ ಮೊಣಕೈ ಆಳಕ್ಕೆ ಹೋಗುತ್ತದೆ. ಸ್ಕೂಪು ಕೆಸರನ್ನು ಸೋಸುವುದಿಲ್ಲ. ಟೈರಿನ ಟ್ಯೂಬಿಗೆ ಜರಡಿ ಕಟ್ಟಿ ತೇಲಿಬಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದಕ್ಕೇ ಸುರಿದು ತೊಳೆಯಿರಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು, ಸ್ಕೂಪು, ಜರಡಿ ಐದು ದಿನ ಒಣಗಲಿ. ಜೀಬ್ರಾ ಚಿಪ್ಪಿನ ಮರಿ ಒಂದು ಹನಿ ನೀರಿನಲ್ಲೂ ಪ್ರಯಾಣ ಮಾಡುತ್ತದೆ.

## ನೀರಿಗಿಳಿದವರು ಕೇಳುವವು

"ಈಜು ಬರುತ್ತೆ ನಂಗೆ. ಒಬ್ನೇ ಹೋದ್ರೆ ಏನು?"

ಕಡಲ ಮಗ್ಗುಲಲ್ಲೇ ಹುಟ್ಟಿದವನು ನಾನು, ಆದರೂ ಒಬ್ಬನೇ ಸೊಂಟ ದಾಟಿ ಹೋಗುವುದಿಲ್ಲ. ಕಿವಿ ಮುಚ್ಚಿರುತ್ತದೆ, ಕಣ್ಣು ಕೆಳಗೆ ನೆಟ್ಟಿರುತ್ತದೆ, ಅಲೆ ಬರುವುದು ಗೊತ್ತೇ ಆಗುವುದಿಲ್ಲ. ಗ್ರ್ಯಾಂಡ್ ಹೇವನ್‌ನಂಥ ಊರುಗಳಲ್ಲಿ ನೀರಿಗೆ ಚಾಚಿಕೊಂಡ ಪಿಯರಿನ ಮಗ್ಗುಲಿಗೆ ಹೊರಕ್ಕೆ ಎಳೆಯುವ ಸೆಳವು ಇರುತ್ತದೆ. ಗಾಳಿಯ ದಿನ ಅದರ ಹತ್ತಿರ ಸುಳಿಯಬೇಡಿ. ಮೇ ತಿಂಗಳ ನೀರು ಬಿಸಿಲು ಕಂಡು ಮೋಸಹೋಗುವಷ್ಟು ತಣ್ಣಗಿರುತ್ತದೆ, 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಇಲ್ಲದೆ ಇಳಿಯಬೇಡಿ.

ಯಾರೂ ಹೇಳದ ಅಪಾಯ ಇನ್ನೊಂದಿದೆ. ದೋಣಿ ಕಟ್ಟುವ ಕಟ್ಟೆಗಳಿಗೆ ಕರೆಂಟು ಎಳೆದಿರುತ್ತಾರೆ. ವೈರಿಂಗ್ ಕೆಟ್ಟರೆ ಸುತ್ತಲಿನ ನೀರಿಗೆ ವಿದ್ಯುತ್ ಸೋರುತ್ತದೆ. ಸಿಹಿನೀರಿಗಿಂತ ನಮ್ಮ ಉಪ್ಪುಮೈ ಅದಕ್ಕೆ ಸಲೀಸು ದಾರಿಯಾದ್ದರಿಂದ ಅದು ಮೈಮೂಲಕವೇ ಹಾಯುತ್ತದೆ. ಸ್ನಾಯು ಸೆಟೆದು, ಈಜು ಬಲ್ಲವರೂ ಮುಳುಗುತ್ತಾರೆ. ಕಟ್ಟೆಯ ಕೆಳಗೆ ಏನೆಲ್ಲ ಬಿದ್ದಿರಬಹುದು ಎಂದು ನನಗೂ ಆಸೆಯಾಗುತ್ತದೆ. ಹೋಗುವುದಿಲ್ಲ.

ಕೈಗವಸು ಮರೆಯಬೇಡಿ, ಕೊಕ್ಕೆ ಮತ್ತು ಚಿಪ್ಪು ಎರಡೂ ಕೊಯ್ಯುತ್ತವೆ. ದಂಡೆಯ ಬೆಣಚುಕಲ್ಲಿನ ನಡುವೆ ಹಗ್ಗ ಕಟ್ಟಿದ್ದರೆ ಒಳಗೆ ಪೈಪಿಂಗ್ ಪ್ಲವರ್ ಹಕ್ಕಿ ಗೂಡು ಮಾಡಿದೆ ಎಂದರ್ಥ. ಇಲ್ಲಿ ಅಳಿವಿನಂಚಿನಲ್ಲಿರುವ ಹಕ್ಕಿ ಅದು, ಸುತ್ತು ಬಳಸಿ ಹೋಗಿ.

"ಸಿಕ್ಕಿದ್ದನ್ನ ಹೇಗೆ ತೊಳೀತೀರಿ?"

ಚಿನ್ನಕ್ಕೆ ಬಿಸಿನೀರು, ಸೋಪು ಸಾಕು. ಮೇಲೆ ಚಿಪ್ಪು ಕಚ್ಚಿಕೊಂಡಿದ್ದರೆ ವಿನೆಗರ್ ಕರಗಿಸುತ್ತದೆ, ಆದರೆ ಮುತ್ತಿನ ಓಲೆಯನ್ನು ಅದರಲ್ಲಿ ಹಾಕಿದರೆ ಮುತ್ತೂ ಕರಗುತ್ತದೆ. ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಬೆಲೆ ಹೋಗುತ್ತದೆ.

"ಸಿಕ್ಕಿದ್ದೆಲ್ಲ ನಿಮ್ದೇನಾ? ವಾಪಸ್ ಕೊಡಬೇಕಾ?"

ಹೆಸರಿದ್ದರೆ ಕೊಡಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಇಲ್ಲಿನ ಶಾಲಾ ಉಂಗುರಗಳಲ್ಲಿ ಶಾಲೆಯ ಹೆಸರು, ವರ್ಷ, ಒಳಗೆ ಇನಿಷಿಯಲ್ ಇರುತ್ತವೆ. ಶಾಲೆಗೆ ಫೋನ್ ಮಾಡಿದರೆ ಒಡೆಯರು ಸಿಗುತ್ತಾರೆ. ಮದುವೆಯ ಉಂಗುರದಲ್ಲಿ ತಾರೀಖಿದ್ದರೆ ಊರಿನ ಕಳೆದ ವಸ್ತುಗಳ ಪ್ರಕಟಣೆಗೆ ಹಾಕುತ್ತೇನೆ, ಪೊಲೀಸರಿಗೂ ತಿಳಿಸುತ್ತೇನೆ. ಚಿತ್ರವನ್ನು ಮಾತ್ರ ಹಾಕುವುದಿಲ್ಲ. ಒಮ್ಮೆ ಹಾಕಿದ ದಿನ ಒಂದೇ ಉಂಗುರಕ್ಕೆ ನಾಲ್ಕು ಮದುಮಕ್ಕಳು ಬಂದಿದ್ದರು. ಒಳಗೆ ಏನು ಕೆತ್ತಿದೆ ಎಂದು ಅವರೇ ಹೇಳಬೇಕು. ನನ್ನ 19ರಲ್ಲಿ ಎಂಟು ಮನೆ ಸೇರಿವೆ.

"ಮಗಾ, ಊರಿಗೆ ಬರುವಾಗ ಅದೊಂದು ತಕಂಡು ಬಾ, ನಮ್ಮ ಹೊಯ್ಗೆಯಲ್ಲೂ ಸಿಕ್ಕುಗು."

ಅಮ್ಮ ಪ್ರತಿವರ್ಷ ಹೇಳುತ್ತಾಳೆ, ನಾನು ತರುವುದಿಲ್ಲ. ಕಾರಣ ಕಾನೂನು. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ವಸ್ತು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿನ್ನೆ ಮೊನ್ನೆ ಯಾರೋ ಬೀಳಿಸಿಕೊಂಡ ಉಂಗುರ ನಿಧಿಯಲ್ಲ, ನಿಜ. ಆದರೆ ಒಡೆಯರನ್ನು ಹುಡುಕದೆ ಇಟ್ಟುಕೊಂಡರೆ ಅದೂ ಅಪರಾಧವೇ.

ಕಾನೂನಿಗಿಂತ ಮುಂಚೆ ಊರಿನವರ ಕಣ್ಣಿದೆ. ನಿಧಿಯಾಸೆಗೆ ದೇವಸ್ಥಾನದ ಗರ್ಭಗುಡಿಯನ್ನೇ ಅಗೆಯುವವರಿರುವ ನಾಡಿನಲ್ಲಿ ಈ ಕೋಲು ಹಿಡಿದು ನಿಂತರೆ ನನ್ನನ್ನು ಯಾರು ಏನೆಂದುಕೊಳ್ಳಬೇಕು? ನದಿ ಸೇತುವೆಯ ಕೆಳಗೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಹರಕೆಯ ಚಿಲ್ಲರೆ ಎತ್ತುವ ಹುಡುಗರ ಉಪಾಯವೇ ಅಲ್ಲಿಗೆ ಸರಿ. ನಮ್ಮ ಸ್ಟೀಲಿನ ಒಂದು, ಎರಡು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಕಚ್ಚುತ್ತದೆ. ಅಮೆರಿಕದ ಚಿಲ್ಲರೆ ಕಚ್ಚುವುದಿಲ್ಲ.

"ಆ ಅಕ್ಕನ ಮಾಂಗಲ್ಯ ಸರ ಕೊನೆಗೂ ಸಿಕ್ತಾ?"

ಸರ ಸಿಗಲಿಲ್ಲ. ಮರುವರ್ಷ ಜೂನ್‌ನಲ್ಲಿ ಅದೇ ಹಗ್ಗ, ಅದೇ ಗೂಟ ಒಯ್ದು, ಕೆಂಪು ದೋಣಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಮೊದಲ ಸಲ ಹಗ್ಗ ಎಳೆದದ್ದಕ್ಕಿಂತ ಒಂದೇ ಸಾಲು ಹೊರಗೆ, ಒಂದು ಸಣ್ಣ ಮೃದು ಸದ್ದು ಬಂತು. ಸಂಖ್ಯೆ 9ಕ್ಕೂ 10ಕ್ಕೂ ನಡುವೆ. ಮೂರನೇ ಸ್ಕೂಪ್ ಕೆಸರನ್ನು ಜರಡಿಯಲ್ಲಿ ತೊಳೆದಾಗ ಬಟ್ಟಲು ಬೋರಲಾಗಿ ಕೂತಿತ್ತು, ಒಂದೇ ಒಂದು. ಬಟ್ಟಲು ಎರಡೂ ಒಬ್ಬರೇ ಅಕ್ಕಸಾಲಿ ಮಾಡಿದ್ದಂತೆ, ಅಳತೆಯೂ ಒಂದೇ. ಸಿಕ್ಕಿದ್ದು ತವರಿನದೋ ಅತ್ತೆಮನೆಯದೋ ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಈ ಜೂನ್‌ಗೆ ಮತ್ತೆ ಬರಲು ಹೇಳಿದ್ದಾರೆ.